ಎರಡು ಮನೆಗೆ ಒಂದೇ ದನಿ

ನಮ್ಮ ದೇಶ ದೊಡ್ಡದೇನಲ್ಲ. ಬೆಳಿಗ್ಗೆ ಸೊಪ್ಪಿನ ಬುಟ್ಟಿ ಹೊತ್ತು ಹೊರಟವಳು ಮೂಡಲ ಗಡಿಯ ಹುಣಸೆಮರದ ತನಕ ಕೂಗಿಕೊಂಡು ಹೋಗಿ ಮಧ್ಯಾಹ್ನದ ಊಟಕ್ಕೆ ಮನೆ ಸೇರಿಬಿಡಬಹುದು. ಊರೆಂದರೂ ಅದೇ, ದೇಶವೆಂದರೂ ಅದೇ. ಆದರೂ ನಮ್ಮ ಸಂಸತ್ತಿಗೆ ಎರಡು ಮನೆ. ಕಟ್ಟಡ ಒಂದೇ, ಕೆಳಗಡೆ ಕೆಳಮನೆ, ಮಹಡಿಯಲ್ಲಿ ಮೇಲ್ಮನೆ. ಇಷ್ಟಗಲದ ದೇಶಕ್ಕೆ ಎರಡು ಯಾಕೆ ಎಂದು ಮದುವೆಯಾದ ಹೊಸದರಲ್ಲಿ ನಮ್ಮತ್ತೆಯನ್ನು ಕೇಳಿದ್ದೆ. "ಸಾರಿಗೆ ಉಪ್ಪು ಹಾಕೋರು ಒಬ್ರು, ರುಚಿ ನೋಡೋರು ಇನ್ನೊಬ್ರು ಇರಬೇಕು ಕಣೆ. ಹಾಕ್ದೋಳನ್ನೇ ಕೇಳಿದ್ರೆ ಸರಿಯಾಗೈತೆ ಅಂತಾಳೆ," ಎಂದರು. ಹೇಳುತ್ತಲೇ ನನ್ನ ಸಾರಿಗೆ ಇನ್ನೊಂದು ಚಿಟಿಕೆ ಉಪ್ಪು ಉದುರಿಸಿದರು. ಎರಡು ಮನೆಯ ಮರ್ಮ ಅದಕ್ಕಿಂತ ಹೆಚ್ಚಾಗಿ ನಾನು ಗೆದ್ದು ಒಳಗೆ ಹೋದ ಮೇಲೂ ಕಲಿತಿಲ್ಲ.

ಮನೆ ಎರಡಾದರೂ ದನಿ ಒಂದೇ. ಕೆಳಮನೆಯ ಗಂಟೆ ಬಾರಿಸಿದರೆ ಮೇಲ್ಮನೆಯ ಸದಸ್ಯರು ಎಲ್ಲಿದ್ದರೂ ಅವರ ದನಿ ಹೋಗುತ್ತದೆ. ಮೇಲ್ಮನೆಯ ಗಂಟೆ ಬಾರಿಸಿದರೆ ಕೆಳಮನೆಯವರದು ಹೋಗುತ್ತದೆ. ಯಾರು ಕೊನೆಗೆ ಗಂಟೆ ಬಾರಿಸಿದರೋ ದನಿ ಅವರ ಪಾಲು. ಸಭೆ ಮುಗಿಸಿ ಎದ್ದರೆ ಎಲ್ಲರದೂ ವಾಪಸು ಬರುತ್ತದೆ. ನೋವಿಲ್ಲ, ಕೆಮ್ಮಿಲ್ಲ, ಬಾಯಿ ಆಡುತ್ತದೆ, ಮಾತು ಹೊರಡುವುದಿಲ್ಲ, ಅಷ್ಟೇ. ಹಾಗಾಗಿ ಕೆಳಮನೆ ಬೆಳಿಗ್ಗೆ ಕೂರುತ್ತದೆ, ಮೇಲ್ಮನೆ ಮಧ್ಯಾಹ್ನ ಊಟವಾದ ಮೇಲೆ ಕೂರುತ್ತದೆ. ಎರಡೂ ಕೂರದ ಹೊತ್ತಿನಲ್ಲಿ ಸದಸ್ಯರು ತಂತಮ್ಮ ಮನೆಯ ಜಗಳ ಮುಗಿಸಿಕೊಳ್ಳುತ್ತಾರೆ.

ಊರು ಇದಕ್ಕೆ ಎಂದೋ ಹೊಂದಿಕೊಂಡಿದೆ. ಮೇಲ್ಮನೆಯವರು ಕ್ಷೌರಕ್ಕೆ ಬೆಳಗಿನ ಹೊತ್ತೇ ಹೋಗುತ್ತಾರೆ; ರಾಜಕೀಯ ಮಾತಾಡದ ತಲೆ ಸಿಗುವುದು ಅಪರೂಪವೆಂದು ಕ್ಷೌರದವನು ಅವರನ್ನು ಸಾಲು ತಪ್ಪಿಸಿ ಕೂರಿಸುತ್ತಾನೆ. ಕೆಳಮನೆಯವರ ಮಕ್ಕಳು ಸಿನಿಮಾಕ್ಕೆ ಹೋಗಲೇ ಎಂದು ಅಪ್ಪನನ್ನು ಕೇಳುವುದು ಮಧ್ಯಾಹ್ನ. ಬೇಡ ಎನ್ನದವನು ಒಪ್ಪಿದ ಹಾಗೆ ಎಂಬುದು ಅವುಗಳ ನ್ಯಾಯ. ಎಲ್ಲರಿಗಿಂತ ಪಾಪ ಮಂತ್ರಿಗಳು. ಅವರು ಆರಿಸಿ ಬಂದಿರುವುದು ಕೆಳಮನೆಗೆ, ಉತ್ತರ ಕೊಡಬೇಕಾದದ್ದು ಎರಡು ಮನೆಗೂ. ಮಹಡಿ ಹತ್ತಿದ ಮೇಲೆ ಅವರ ಉತ್ತರವೆಲ್ಲ ಕೈಸನ್ನೆಯಲ್ಲೇ ಆಗಬೇಕು. ಬಜೆಟ್ ವಿವರಿಸುವ ದಿನ ಮೇಲ್ಮನೆಯ ಗ್ಯಾಲರಿಗೆ ಜನ ಬುತ್ತಿ ಕಟ್ಟಿಕೊಂಡು ಬರುತ್ತಾರೆ.

ನಾನು ಕೆಳಮನೆಯವಳು. ಹೆಸರು ಹೊನ್ನಾಜಮ್ಮ, ಸಂತೆಕೇರಿಯಿಂದ ಗೆದ್ದವಳು. ನನ್ನ ಯಜಮಾನರು ಮೇಲ್ಮನೆಯವರು. ಅವರ ಹೆಸರು ಮುದ್ದವೀರಯ್ಯ, ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಊರಿಗೆಲ್ಲ ಮೇಷ್ಟ್ರು, ಹಾಗಾಗಿ ನನಗೂ ಮೇಷ್ಟ್ರು. ಕೆಳಮನೆಗೆ ಕೇರಿಗೊಬ್ಬರಂತೆ ಜನರೇ ಓಟು ಹಾಕಿ ಕಳಿಸುತ್ತಾರೆ. ಮೇಲ್ಮನೆಗೆ ಹಾಗಲ್ಲ, ಕೆಲವರನ್ನು ಶಿಕ್ಷಕರು, ಕೆಲವರನ್ನು ಪದವೀಧರರು, ಕೆಲವರನ್ನು ಕಸುಬುದಾರರ ಸಂಘಗಳು ಆರಿಸುತ್ತವೆ. ಯಾರ ಜೊತೆಗೂ ಜಗಳವಾಡದ ಮನುಷ್ಯ ಎಂದು ಶಿಕ್ಷಕರು ಮೇಷ್ಟ್ರನ್ನು ಆರಿಸಿದರು. ನನ್ನನ್ನು ಒಂದು ಮಾತು ವಿಚಾರಿಸಲಿಲ್ಲ. ಸಭಾಪತಿಗಳಿಗೆ ಮಂಡಿನೋವು ಬಂದು ಮಹಡಿ ಹತ್ತಲಾರದೆ ಹೋದದ್ದರಿಂದ ಉಪಸಭಾಪತಿಯಾಗಿದ್ದ ಮೇಷ್ಟ್ರೇ ದಿನವೂ ಪೀಠದಲ್ಲಿ ಕೂರುತ್ತಿದ್ದರು. ಮಿಕ್ಕ ಸದಸ್ಯರಿಗೆಲ್ಲ ಬರೀ ಬೆಂಚು. ಪೀಠದ ಕುರ್ಚಿಗೆ ಮಾತ್ರ ಎರಡು ಕಡೆ ಕೈ ಇದೆ, ಬೆನ್ನಿಗೆ ಮೆತ್ತೆ ಇದೆ. ಆಯುಷ್ಯವೆಲ್ಲ ಬೋರ್ಡಿನ ಮುಂದೆ ನಿಂತು ಕಳೆದ ಮನುಷ್ಯ ಮೊದಲ ದಿನ ಅದರಲ್ಲಿ ಕೂತು ಬಂದವರು ಮನೆಯ ಸ್ಟೂಲು ಕಂಡು ಮುಖ ಸಿಂಡರಿಸಿದರು. ನಾನು ನಕ್ಕೆ. ಒಳಗೊಳಗೇ ಖುಷಿಯೂ ಆಯಿತು.

ಇನ್ನು ನಮ್ಮ ಸಂತೆಕೇರಿ. ಅಲ್ಲಿರುವವರೆಲ್ಲ ಬೀದಿಬೀದಿಯಲ್ಲಿ ಕೂಗಿ ಮಾರುವವರು. ಕಡ್ಲೆಕಾಯಿ, ಮೊಸರು, ಪಿನ್ನು, ಬಾಚಣಿಗೆ. ಕತ್ತಿ ಚಾಕು ಸಾಣೆ ಹಿಡಿಯುವ ದಸ್ತಗೀರನ ಕೂಗು ಕೇಳಿದರೆ ಮೊಂಡು ಚಾಕುಗಳು ತಾವೇ ಬಾಗಿಲಿಗೆ ಬರುತ್ತವೆ ಎಂದು ಹೆಂಗಸರು ತಮಾಷೆ ಮಾಡುತ್ತಾರೆ. ಸಂಜೆ ಮಲ್ಲಿಗೆ ಮಾರುವ ನಂಜಾಜಿ ಇದ್ದಾಳೆ. ಆಳು ನನ್ನ ಭುಜಕ್ಕೂ ಬರುವುದಿಲ್ಲ, ಕೂಗು ಮಾತ್ರ ನಾಲ್ಕು ಬೀದಿ ದಾಟುತ್ತದೆ. ನಾನೂ ನಮ್ಮವ್ವನಿಂದ ಕಲಿತ ಕೂಗಿನಲ್ಲೇ ಬದುಕಿದವಳು: ದಂಟೂ, ಕೀರೇ, ಚಕ್ಕೋತಾ. ಕೊನೆಯ 'ತಾ' ಎಳೆಯುವುದರಲ್ಲೇ ಗುಟ್ಟಿರುವುದು. ಓಟು ಕೇಳಲು ಹೋದಾಗ ನಾನು ಹೇಳಿದ್ದು ಒಂದೇ ಮಾತು. "ನಿಮ್ಮ ಕೂಗಿಗೆ ಕಾವಲು ನಾನು," ಎಂದಿದ್ದೆ. ಅದನ್ನು ನಂಬಿ ಕಳಿಸಿದರು.

ಹೀಗಿರುವಾಗ ಮಂತ್ರಿ ಶಾಂತಮಲ್ಲಪ್ಪನವರು ಬೀದಿಕೂಗು ನಿಲುಗಡೆ ಮಸೂದೆ ತಂದರು. ಬೀದಿಯಲ್ಲಿ ಸರಕಿನ ಹೆಸರು ಹೇಳಿ ಯಾರೂ ಕೂಗಬಾರದು ಎಂಬುದು ಅದರ ಸಾರ. ನಮ್ಮಲ್ಲಿ ಕಾನೂನಿಗೆ ಪೊಲೀಸರು ಬೇಕಿಲ್ಲ. ಎರಡು ಮನೆಯೂ ಹೂಂ ಎಂದ ಗಳಿಗೆಗೆ ಅದು ತಾನಾಗಿ ಹಿಡಿದುಕೊಳ್ಳುತ್ತದೆ. ಹಿಂದೊಮ್ಮೆ ಸಂಸತ್ತಿನ ಆವರಣದಲ್ಲಿ ಶಿಳ್ಳೆ ಕೂಡದೆಂದು ಕಾನೂನು ಮಾಡಿದರು. ಅಂದಿನಿಂದ ಅಲ್ಲಿಯ ಕ್ಯಾಂಟೀನಿನ ಕುಕ್ಕರು ಶಿಳ್ಳೆ ಹಾಕಿಲ್ಲ, ಅಡುಗೆಯವನು ಅಂದಾಜಿನ ಮೇಲೆ ಅನ್ನ ಇಳಿಸುತ್ತಾನೆ. ಈ ಮಸೂದೆ ಪಾಸಾದರೆ ನಂಜಾಜಿ ಬೀದಿಗೆ ಬಂದು ಬಾಯಿ ತೆರೆದರೆ ಬರೀ ಗಾಳಿ ಬರುತ್ತದೆ. ಕೂಗದೆ ಮಾರಲು ಅಂಗಡಿ ಬೇಕು. ಅಂಗಡಿ ಇದ್ದವರು ಬಿಸಿಲಲ್ಲಿ ಬೀದಿ ಯಾಕೆ ಸುತ್ತುತ್ತಾರೆ?

ನಾನು ಕೈ ಕಟ್ಟಿ ಕೂರಲಿಲ್ಲ. ಕೇರಿಕೇರಿಯ ಸದಸ್ಯರ ಮನೆಗೆ ಹೋದೆ. ಕೆಲವರಿಗೆ ಬುದ್ಧಿ ಹೇಳಿದೆ, ಕೆಲವರಿಗೆ ಮುಂದಿನ ಚುನಾವಣೆ ನೆನಪಿಸಿದೆ, ಇಬ್ಬರು ಮೂವರಿಗೆ ಬರೀ ಸೊಪ್ಪಿನ ಸಾರು ಕೊಟ್ಟೆ. ಇಲ್ಲ ಎನ್ನುವವರೇ ಹೆಚ್ಚಾದರು. ಕೆಳಮನೆಯಲ್ಲೇ ಮಸೂದೆ ಬೀಳುವುದು ಖಂಡಿತವಾಗಿತ್ತು.

ಓಟಿನ ದಿನ ಚರ್ಚೆ ಎಳೆಯುತ್ತಾ ಹೋಗಿ ಮಧ್ಯಾಹ್ನದ ಊಟದ ಹೊತ್ತು ಮೀರಿತು. ಇಲ್ಲಿ ನಮ್ಮ ಕೊಡೆಯ ಪದ್ಧತಿ ಹೇಳಬೇಕು. ಕೆಳಮನೆ ಮುಗಿಯಿತೆಂಬ ಗುರುತಿಗೆ ಜವಾನ ಮಹಡಿ ಮೆಟ್ಟಿಲಿನ ಬುಡದ ಮೊಳೆಗೆ ಒಂದು ಕಪ್ಪು ಕೊಡೆ ನೇತುಹಾಕುತ್ತಾನೆ. ಅದನ್ನು ಕಂಡ ಮೇಲೆಯೇ ಮೇಲಿನವರು ಗಂಟೆ ಮುಟ್ಟಬೇಕು. ಆವತ್ತು ಸಣ್ಣಗೆ ಹನಿಯುತ್ತಿತ್ತು. ಮೇಷ್ಟ್ರು ಎಂದಿನ ಹೊತ್ತಿಗೇ ಬಂದರು. ನಾವಿನ್ನೂ ಒಳಗಿದ್ದೆವು. ಅವರು ತಮ್ಮ ಒದ್ದೆ ಕೊಡೆಯನ್ನು ಬರಿದಾಗಿದ್ದ ಆ ಮೊಳೆಗೇ ಸಿಕ್ಕಿಸಿ ಕ್ಯಾಂಟೀನಿಗೆ ಹೋದರು. ಮಜ್ಜಿಗೆಹುಳಿ ಅನ್ನ ಉಂಡು, ಎಲೆ ಅಡಿಕೆ ಹಾಕಿಕೊಂಡು ವಾಪಸು ಬಂದು ನೋಡುತ್ತಾರೆ, ಮೊಳೆಯಲ್ಲಿ ಕೊಡೆ ಇದೆ. ಓಹೋ ಮುಗಿಯಿತು ಎಂದುಕೊಂಡು ಮಹಡಿ ಹತ್ತಿದರು. ದನಿ ಬಂದಿದೆಯೇ ಎಂದು ಒಮ್ಮೆ ಕೆಮ್ಮಿ ನೋಡಿದ್ದರೂ ಸಾಕಿತ್ತು. ಬಾಯಿ ತುಂಬ ಎಲೆ ಅಡಿಕೆ ಇತ್ತಲ್ಲ, ನೋಡಲಿಲ್ಲ.

ಕೆಳಗೆ ನಮ್ಮ ಸಭಾಧ್ಯಕ್ಷರು ಆಗಷ್ಟೇ ಮಸೂದೆಯನ್ನು ಓಟಿಗೆ ಹಾಕಿದ್ದರು. ಸದಸ್ಯರ ಮುಖ ಕಂಡರೆ ಪಕ್ಷಪಾತ ಬಂದೀತೆಂದು ಓಟಿನ ಹೊತ್ತಿನಲ್ಲಿ ಸಭಾಧ್ಯಕ್ಷರು ಕಣ್ಣು ಮುಚ್ಚಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ಬರೀ ಕಿವಿಯಿಂದ ತೂಗಿ ತೀರ್ಪು ಕೊಡಬೇಕು. "ಹೌದು ಎನ್ನುವವರು?" ಎಂದರು. ಶಾಂತಮಲ್ಲಪ್ಪನವರ ಕಡೆಯವರು ಹೌದು ಎಂದರು, ಅದೂ ಬಡಕಲು ಹೌದು. "ಇಲ್ಲ ಎನ್ನುವವರು?" ಎಂದರು. ನಾನು ಎದೆ ತುಂಬ ಉಸಿರೆಳೆದುಕೊಂಡೆ. ಮಹಡಿಯ ಮೇಲೆ ಗಂಟೆ ಹೊಡೆಯಿತು.

ನನ್ನ 'ಇಲ್ಲ' ಬಾಯಿಯೊಳಗೇ ಉಳಿಯಿತು. ಸುತ್ತ ನೋಡಿದರೆ ಎಲ್ಲರೂ ಬಾಯಿ ಬಿಟ್ಟಿದ್ದಾರೆ, ಒಬ್ಬರಿಗೂ ಸದ್ದಿಲ್ಲ. ಸಭಾಧ್ಯಕ್ಷರು ಕಣ್ಣು ಮುಚ್ಚಿಯೇ ಕಾಯುತ್ತಿದ್ದಾರೆ. ಅವರ ಗಮನ ಸೆಳೆಯಬೇಕೆಂದು ನಾನು ಮುಂದಿದ್ದ ಮೇಜು ಕುಟ್ಟಿದೆ. ನನ್ನನ್ನು ನೋಡಿ ನಮ್ಮ ಕಡೆಯವರೆಲ್ಲ ಎರಡೂ ಕೈಯಲ್ಲಿ ಕುಟ್ಟಿದರು. ಆದರೆ ಸಂಸತ್ತಿನಲ್ಲಿ ಮೇಜು ಕುಟ್ಟುವುದು ಮೆಚ್ಚುಗೆಯ ಗುರುತು. ಇಲ್ಲ ಎಂಬ ದನಿ ಒಂದೂ ಇಲ್ಲ, ಮೇಲೆ ಇಷ್ಟು ಮೆಚ್ಚುಗೆ ಎಂದು ಸಭಾಧ್ಯಕ್ಷರು ಮುಖ ಅರಳಿಸಿಕೊಂಡು ಸುತ್ತಿಗೆ ಬಡಿದರು. ಆಮೇಲೆ ಕಣ್ಣು ತೆರೆದರು. ನಮ್ಮ ಮುಖ ಕಂಡು ಏನೋ ಕೇಳಲು ಹೋದರು, ಅವರಿಗೂ ದನಿ ಇರಲಿಲ್ಲ. ಕಾರ್ಯದರ್ಶಿ ನೌಕರ, ಸದಸ್ಯನಲ್ಲ, ಹಾಗಾಗಿ ಅವನ ದನಿ ಗಟ್ಟಿಯಾಗೇ ಇತ್ತು. "ಬಿದ್ದ ಸುತ್ತಿಗೆ ಎತ್ತೋಕೆ ನಿಯಮದಲ್ಲಿ ಅವಕಾಶ ಇಲ್ಲ," ಎಂದ. ನಾನೇ ಕುಟ್ಟಿದ ಮೇಜು ನನಗೆ ಎದುರಾಯಿತು. ಅಳುವುದೋ ನಗುವುದೋ ತಿಳಿಯದೆ ಮನೆಗೆ ಬಂದೆ.

ಸಂಜೆ ಮೇಲ್ಮನೆ ಎದ್ದು ಮೇಷ್ಟ್ರು ಬಾಗಿಲಿಗೆ ಬರುವ ಹೊತ್ತಿಗೆ ಮಧ್ಯಾಹ್ನದಿಂದ ಕೂಡಿಟ್ಟುಕೊಂಡ ಮಾತೆಲ್ಲ ನನ್ನ ನಾಲಿಗೆಯ ತುದಿಯಲ್ಲಿತ್ತು.

"ಎಂಥ ಕೆಲ್ಸ ಮಾಡಿದ್ರಿ ನೀವು? ನಿಮ್ಮ ಕೊಡೆ ನಿಮಗೇ ಗುರ್ತು ಸಿಗಲಿಲ್ವ?"

"ಕಪ್ಪು ಕೊಡೆ ಎಲ್ಲಾ ಒಂದೇ ಥರ ಇರುತ್ತೆ ಕಣೆ."

"ಡ್ರಾಯಿಂಗ್ ಮೇಷ್ಟ್ರು ಆಡೋ ಮಾತಾ ಇದು? ಅಷ್ಟು ಮಕ್ಕಳಿಗೆ ಕೊಡೆ ಬರೆಯೋದು ಕಲಿಸಿದೋರು."

ಮೇಷ್ಟ್ರಿಗೆ ನಗು ಬಂತು. ನನಗೆ ಬರಲಿಲ್ಲ. ಅದನ್ನು ಕಂಡು ಅವರೂ ನಿಲ್ಲಿಸಿದರು. ನಾಳೆ ಸಭೆಯಲ್ಲಿ ತಪ್ಪೊಪ್ಪಿಕೊಳ್ಳುತ್ತೇನೆ ಎಂದರು. ಒಪ್ಪಿಕೊಂಡರೆ ಮಸೂದೆ ಕೆಳಗೆ ವಾಪಸು ಬರುತ್ತದೆಯೇ ಎಂದು ಕೇಳಿದೆ. ಬರುವುದಿಲ್ಲವಂತೆ. ನಾಳೆ ಅದು ಮೇಲ್ಮನೆಗೆ ಬರುತ್ತದೆ, ಇದ್ದ ಹಾಗೇ ಹೌದು ಎಂದರೆ ಕಾನೂನಾಗಿಬಿಡುತ್ತದೆ. ಬೆಂಚಿನ ಮೇಲಿನ ಮಧ್ಯಾಹ್ನದ ನಿದ್ದೆ ಪ್ರಿಯವಾದ ಹಿರಿಯರೇ ಮೇಲ್ಮನೆಯಲ್ಲಿ ತುಂಬಿರುವುದರಿಂದ ಹೌದು ಎನ್ನುವುದೇ ಖಾತ್ರಿ.

"ಒಂದೇ ಒಂದು ದಾರಿ ಇದೆ," ಎಂದರು ಮೇಷ್ಟ್ರು. "ನಮ್ಮ ಮನೇಲಿ ಅದಕ್ಕೊಂದು ಪದ ಸೇರಿಸಿದ್ರೂ, ತೆಗೆದ್ರೂ, ಮಸೂದೆ ಪೂರ್ತಿ ಮತ್ತೆ ಕೆಳಗಿಳೀಬೇಕು. ನೀವು ಹೊಸದಾಗಿ ಓಟು ಹಾಕ್ಬೇಕು."

"ಹಂಗಾದ್ರೆ ಒಂದು ಪದ ಸೇರ್ಸಿ, ಮುಗೀತಲ್ಲ."

"ಪೀಠದಲ್ಲಿರೋನು ತಿದ್ದುಪಡಿ ತರೋ ಹಾಗಿಲ್ಲ. ತರಲೇಬೇಕು ಅಂದ್ರೆ ಕುರ್ಚಿ 'ಬಿಟ್ಟೆ' ಅಂತ ಹೇಳಿ ಇಳೀಬೇಕು. ಇಳಿದೋನು ಅವಧಿ ಮುಗಿಯೋ ತನಕ ಮತ್ತೆ ಹತ್ತೋ ಹಾಗಿಲ್ಲ."

"ಕೈಯಿರೋ ಕುರ್ಚಿ ಬಿಡೋಕೆ ಸಂಕಟ."

"ಬರೀ ಕುರ್ಚಿ ಅಲ್ಲ ಕಣೆ," ಎಂದರು ಅವರು. "ನಿಜ ಹೇಳ್ತೀನಿ. ಆ ಮಸೂದೆ ಅಷ್ಟೇನೂ ಕೆಟ್ಟದ್ದು ಅಂತ ನನಗೆ ಅನ್ನಿಸ್ತಿಲ್ಲ. ಒಂದು ಕ್ಲಾಸಿಗೆ ಐವತ್ತು ಹುಡುಗರು, ಅಷ್ಟು ವರ್ಷ. ನನ್ನ ಕಿವಿಗೆ ಸಾಕಾಗಿದೆ. ಒಂಚೂರು ಗಲಾಟೆ ಇಲ್ಲದೆ ಇರೋಣ ಅನ್ಸುತ್ತೆ."

ಇದನ್ನು ನಾನು ಎಣಿಸಿರಲಿಲ್ಲ. ನಮ್ಮ ಮದುವೆಗೆ ಮುಂಚೆ ಮೇಷ್ಟ್ರು ತಾಯಿಯ ಮನೆ ಬಿಟ್ಟು ಶಾಲೆಯ ಹತ್ತಿರ ಒಂಟಿ ಕೋಣೆಯಲ್ಲಿದ್ದರು. ಊಟವೆಲ್ಲ ಹೋಟೆಲಿನಲ್ಲಿ. ಕೋಣೆಯಲ್ಲಿ ಒಲೆಯಿರಲಿ, ಒಂದು ಪಾತ್ರೆಯೂ ಇರಲಿಲ್ಲ. ಆದರೂ ನಾನು ಕೂಗಿಕೊಂಡು ಹೋದರೆ ದಿನಾ ಮೆಟ್ಟಿಲಿಳಿದು ಬಂದು ಒಂದು ಕಟ್ಟು ದಂಟು ಕೊಳ್ಳುತ್ತಿದ್ದರು. ಕೊಂಡ ದಂಟನ್ನೆಲ್ಲ ಪಕ್ಕದ ಮನೆಯ ಹಸು ತಿಂದು ಕೊಬ್ಬಿತೆಂದು ಆಮೇಲೆ ಗೊತ್ತಾಯಿತು.

"ಅವತ್ತು ಈ ಕೂಗು ಗಲಾಟೆ ಅನ್ನಿಸ್ಲಿಲ್ವ ಮೇಷ್ಟ್ರೇ?" ಎಂದೆ. "ಒಲೆ ಇಲ್ದೋರು ದಿನಾ ಸೊಪ್ಪು ಕೊಂಡ್ಕೊತಿದ್ರಲ್ಲ."

ಯಾವ ಗಂಟೆಯೂ ಹೊಡೆಯದೆ ಅವರ ಮಾತು ನಿಂತಿತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಆವತ್ತು ಇಬ್ಬರೂ ಸರಿಯಾಗಿ ಉಣ್ಣಲಿಲ್ಲ.

ಬೆಳಿಗ್ಗೆ ನಲ್ಲಿಕಟ್ಟೆಯ ಹತ್ತಿರ ಕೇರಿಯವರೆಲ್ಲ ಸೇರಿದ್ದರು. ಕಾವಲಿಗೆಂದು ಕಳಿಸಿದವಳೇ ಮೇಜು ಕುಟ್ಟಿ ಬಂದಳೆಂದು ಯಾರಾದರೂ ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಯಾರೂ ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. ದಸ್ತಗೀರ್ ಮಾತ್ರ ತೋಳು ಮಡಿಸಿದ್ದ. "ಅಕ್ಕಾ, ಇವತ್ತು ಎಲ್ರೂ ಆ ಕಟ್ಟಡ ಸುತ್ತಾಕ್ಕೊಂಡು ಕಿವಿ ಹರಿಯಂಗೆ ಕೂಗಾನ. ಅದೆಂಗೆ ಓಟ್ ಹಾಕ್ತಾರೋ ನೋಡಾನ," ಎಂದ.

"ಕೂಗಿದ್ರೆ ಅವರು ಹೇಳ್ದಂಗೇ ಆಯ್ತದೆ," ಎಂದೆ. "ನೋಡಿ, ಎಷ್ಟು ಗಲಾಟೆ ಅಂತಾರೆ."

"ಮತ್ತೇನ್ ಮಾಡಾನ?"

ನನಗೆ ಹಿಂದಿನ ಸಂಜೆಯೆಲ್ಲ ತಲೆಯಲ್ಲಿ ಸುತ್ತುತ್ತಿದ್ದ ಒಂದು ವಿಚಾರವಿತ್ತು. ಮೇಲ್ಮನೆಯಲ್ಲಿ ಗಡಿಯಾರವಿಲ್ಲ. ಗಡಿಯಾರ ನೋಡಿಕೊಂಡು ಆಡುವ ಮಾತು ಕೆಡುತ್ತದೆಂದು ಹಿಂದಿನವರು ತೆಗೆಸಿದ್ದಾರೆ; ಕೈಗಡಿಯಾರವನ್ನೂ ಬಾಗಿಲಲ್ಲಿ ಬಿಚ್ಚಿಟ್ಟು ಹೋಗಬೇಕು. ಹಾಗಾದರೆ ಸಭೆ ಏಳುವ ಹೊತ್ತು ಹೇಗೆ ತಿಳಿಯುತ್ತದೆ? ಮೇಷ್ಟ್ರು ದಿನಾ ಸಂಜೆ ಒಂದು ಮೊಳ ಮಲ್ಲಿಗೆ ಹಿಡಿದೇ ಮನೆಗೆ ಬರುತ್ತಿದ್ದುದು ನೆನಪಾಯಿತು. ಹಿಂದೆ ಗ್ಯಾಲರಿಯಲ್ಲಿ ಕೂತು ಕಂಡದ್ದೂ ನೆನಪಾಯಿತು: ಕಡ್ಲೆಕಾಯಿಯ ಕೂಗು ಕೇಳಿದರೆ ಒಬ್ಬ ಮಾತುಗಾರ ಕೂರುವುದು, ಸಾಣೆಯ ಕೂಗಿಗೆ ಕಾಫಿ ತರಿಸುವುದು, ನಂಜಾಜಿಯ ಮಲ್ಲಿಗೆ ಕೇಳಿದರೆ ಎಲ್ಲರೂ ಏಳುವುದು. ಇದು ಯಾವ ನಿಯಮದಲ್ಲೂ ಬರೆದಿಲ್ಲ, ಕೂತವರಿಗೆ ತಾವು ಹೀಗೆ ಮಾಡುತ್ತೇವೆಂದೂ ಗೊತ್ತಿಲ್ಲ.

"ಇವತ್ತು ಮಧ್ಯಾಹ್ನದ ಮೇಲೆ ಯಾರೂ ಬೀದೀಲಿ ಬಾಯಿ ಬಿಡಬೇಡಿ," ಎಂದೆ.

ದಸ್ತಗೀರ್ ನನ್ನನ್ನು ವಿಚಿತ್ರವಾಗಿ ನೋಡಿದ. "ನಾಳಿಂದ ಸುಮ್ನಿರು ಅಂತ ಅವರು ಅಂತಾರೆ, ಇವತ್ತಿಂದ್ಲೇ ಸುಮ್ನಿರು ಅಂತ ನೀನು ಅಂತೀಯ. ನಿಂಗೇನಾಗೈತೆ?"

ನಂಜಾಜಿ ಮೊಗ್ಗಿನ ಬುಟ್ಟಿ ಕೆಳಗಿಟ್ಟಳು. "ಹೂವ ಒಂದಿನ ಬಾಡೋದ್ರೆ ಬಾಡ್ಲಿ ಬುಡು," ಎಂದಳು. ಅವಳ ಮಾತಿಗೆ ಎದುರಾಡುವವರು ನಮ್ಮ ಕೇರಿಯಲ್ಲಿ ಇಲ್ಲ.

ಮಧ್ಯಾಹ್ನ ಮೇಲ್ಮನೆಯ ಗ್ಯಾಲರಿಯಲ್ಲಿ ಹೋಗಿ ಕೂತೆ. ಗಂಟೆ ಹೊಡೆಯಿತು, ನನ್ನ ದನಿ ಹೋಯಿತು. ಗ್ಯಾಲರಿಯಲ್ಲಿ ಕೂತ ಕೆಳಮನೆಯವರು ಸನ್ನೆ ಮಾಡಿದರೂ ಹಕ್ಕುಚ್ಯುತಿ, ಹಾಗಾಗಿ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡೆ. ಮೇಷ್ಟ್ರು ಪೀಠದಲ್ಲಿದ್ದರು. ಮೊದಲು ಕೊಡೆಯ ವಿಷಯ ಹೇಳಿ ಕ್ಷಮೆ ಕೇಳಿದರು. ಎಲ್ಲರೂ ನಕ್ಕರು, ಒಬ್ಬರೂ ಮಸೂದೆಯ ಮಾತು ಎತ್ತಲಿಲ್ಲ. ಶಾಂತಮಲ್ಲಪ್ಪನವರು ಎದ್ದು ಕೈಸನ್ನೆಯಲ್ಲಿ ವಿವರಿಸಿದರು: ಬಾಯಿಯ ಹತ್ತಿರ ಕೈ ಇಟ್ಟು ಕೂಗಿದ ಹಾಗೆ, ಕಿವಿ ಮುಚ್ಚಿಕೊಂಡ ಹಾಗೆ, ಅಂಗೈ ಮೇಲೆ ಕೆನ್ನೆಯಿಟ್ಟು ಮಲಗಿದ ಹಾಗೆ. ಮಲಗುವ ಸನ್ನೆಗೆ ಸದಸ್ಯರು ಬಹಳ ಹೊತ್ತು ಮೇಜು ಕುಟ್ಟಿದರು.

ಆಮೇಲೆ ಪದವೀಧರರ ಕ್ಷೇತ್ರದ ಒಬ್ಬ ಮಾತುಗಾರರು ಮೌನದ ಮಹಿಮೆಯ ಬಗ್ಗೆ ಮಾತಾಡಲು ಎದ್ದರು. ಮಾತು ಬೆಳ್ಳಿ ಮೌನ ಬಂಗಾರ ಎಂದು ಶುರುಮಾಡಿದರು. ದಿನವೂ ಅವರನ್ನು ಕೂರಿಸುವುದು ಕಡ್ಲೆಕಾಯಿಯ ಕೂಗು. ಅದು ಬರಲಿಲ್ಲ. ಅವರು ಋಷಿಗಳ ಮೌನ ಮುಗಿಸಿ ಬೆಟ್ಟಗಳ ಮೌನಕ್ಕೆ ಹೋದರು, ಅಲ್ಲಿಂದ ಮೀನುಗಳ ಮೌನಕ್ಕೆ ಬಂದರು. ಸಾಣೆಯ ಕೂಗಿಲ್ಲದೆ ಕಾಫಿಯೂ ಬರಲಿಲ್ಲ. ಕಿಟಕಿಯ ಹೊರಗೆ ಬಿಸಿಲು ಹಳದಿಯಾಗಿ, ಕೆಂಪಾಗಿ, ಬೂದಿಯಾಯಿತು. ಮುಂದಿನ ಬೆಂಚಿನ ಹಿರಿಯರೊಬ್ಬರು ಅರ್ಧ ಎದ್ದು ಪಕ್ಕದವರನ್ನು, "ಕತ್ತಲಾಯ್ತಲ್ರೀ?" ಎಂದು ಕೇಳಿದರು.

"ಮೋಡ ಇರಬೇಕು. ಕಡ್ಲೆಕಾಯೀನೇ ಇನ್ನೂ ಬಂದಿಲ್ಲವಲ್ಲ."

"ಅದೂ ಸರಿಯೇ," ಎಂದು ಹಿರಿಯರು ಮತ್ತೆ ಕೂತರು.

ಈ ಹೊತ್ತಿಗೆ ಊರಿನಲ್ಲಿ ಏನೇನಾಯಿತೆಂದು ನನಗೆ ಆಮೇಲೆ ತಿಳಿಯಿತು. ಕೆಳಮನೆಯ ಸಭಾಧ್ಯಕ್ಷರ ಮಗಳಿಗೆ ಆವತ್ತು ಸಂಜೆ ನಿಶ್ಚಿತಾರ್ಥ. ಐದರ ಮೇಲೆ ದನಿ ಬಂದೇ ಬರುತ್ತದೆಂದು ಮುಹೂರ್ತ ಇಟ್ಟಿದ್ದರು. ಗಂಡಿನ ಕಡೆಯವರು ಹೆಣ್ಣು ಕೊಡುತ್ತೀರಾ ಎಂದು ಮೂರು ಸಲ ಕೇಳಿದರೂ ಅಪ್ಪ ಬಾಯಿ ಬಿಡದೆ ನಿಂತದ್ದು ಕಂಡು ಅವರಿಗೆ ಅನುಮಾನ ಬಂತಂತೆ. ಕೊನೆಗೆ ಸಭಾಧ್ಯಕ್ಷರು ಮನೆಯ ಒರಳುಕಲ್ಲಿನ ಹತ್ತಿರ ಹೋಗಿ ತಮ್ಮ ಅಭ್ಯಾಸದಂತೆ ಕಣ್ಣು ಮುಚ್ಚಿ ಗುಂಡುಕಲ್ಲು ಬಡಿದು ಒಪ್ಪಿಗೆ ಕೊಟ್ಟರಂತೆ.

ಇತ್ತ ಮೇಷ್ಟ್ರು ಪೀಠದಲ್ಲಿ ಕೂತವರು ಆಗಾಗ ಕಿಟಕಿಯ ಕಡೆ ಕತ್ತು ತಿರುಗಿಸುತ್ತಿದ್ದರು. ಮೊದಲು ಅವರ ಮುಖದಲ್ಲಿ ಸುಖವಿತ್ತು. ಬೇಕಾದ ನಿಶ್ಶಬ್ದ ಸಿಕ್ಕಿತ್ತಲ್ಲ. ಹೋಗುತ್ತಾ ಹೋಗುತ್ತಾ ಅದು ಇಳಿಯಿತು. ಏನೋ ಕಳೆದುಕೊಂಡು ಜೇಬು ತಡವುವವರ ಹಾಗೆ ಕಿವಿಗೊಟ್ಟು ಕೇಳಿದರು. ಕೊನೆಗೆ ತಲೆಯೆತ್ತಿ ಗ್ಯಾಲರಿಯಲ್ಲಿದ್ದ ನನ್ನನ್ನು ನೋಡಿದರು.

ನನಗೆ ದನಿ ಇಲ್ಲ, ಸನ್ನೆ ಮಾಡುವಂತಿಲ್ಲ. ಆದರೆ ಬಾಯಿ ಆಡಿಸಬಾರದೆಂದು ಯಾವ ನಿಯಮವೂ ಇಲ್ಲ. ಬುಟ್ಟಿ ಹೊತ್ತು ಅವರ ಕೋಣೆಯ ಕೆಳಗೆ ನಿಲ್ಲುತ್ತಿದ್ದ ಹಾಗೆ ಕತ್ತು ನೆಟ್ಟಗೆ ಮಾಡಿಕೊಂಡು, ಸದ್ದಿಲ್ಲದೆ, ಬಾಯಿಯಲ್ಲೇ ಕೂಗಿದೆ. ದಂಟೂ, ಕೀರೇ, ಚಕ್ಕೋತಾ. ಕೊನೆಯ 'ತಾ' ಪೂರ್ತಿ ಎಳೆದೆ. ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು. ಅವರು ಕುರ್ಚಿಯ ಎರಡೂ ಕೈಗಳ ಮೇಲೆ ಒಮ್ಮೆ ಅಂಗೈ ಆಡಿಸಿ, ಎದ್ದು ನಿಂತರು.

"ಮಾನ್ಯರು ಕ್ಷಮಿಸಬೇಕು. ನಾನು ಕುರ್ಚಿ ಬಿಟ್ಟೆ," ಎಂದರು.

ಮೀನುಗಳ ಮೌನ ಅರ್ಧಕ್ಕೆ ನಿಂತಿತು. ಮುಂದಿನ ಬೆಂಚಿನ ಆ ಹಿರಿಯರನ್ನೇ ಕರೆದು ಪೀಠದಲ್ಲಿ ಕೂರಿಸಿ, ಮೇಷ್ಟ್ರು ಇಳಿದು ಬೆಂಚಿನ ಸಾಲಿನಲ್ಲಿ ನಿಂತರು. ಅವರು ಭಾಷಣ ಮಾಡುವವರಲ್ಲ.

"ನಿನ್ನೆ ನನ್ನ ಕೊಡೆಗೆ ನಾನೇ ಮೋಸಹೋದೆ. ಇವತ್ತು ನಾವೆಲ್ಲರೂ ಮೋಸಹೋಗಿದ್ದೇವೆ. ಹೊರಗೆ ನೋಡಿ, ದೀಪ ಹಚ್ಚಿದ್ದಾರೆ. ನಮಗೆ ಗೊತ್ತೇ ಆಗಲಿಲ್ಲ. ನಂಜಾಜಿ ಕೂಗದಿದ್ದರೆ ನಾವು ಮನೆಗೆ ಹೋಗುವುದು ಹೇಗೆ ಅಂತ ಈ ಮಸೂದೆಯಲ್ಲಿ ಬರೆದಿಲ್ಲ. ಹಾಗಾಗಿ ಒಂದು ತಿದ್ದುಪಡಿ ತರುತ್ತಿದ್ದೇನೆ. ಎರಡನೇ ಕಲಮಿನಲ್ಲಿ 'ಯಾವುದೇ ಕೂಗು' ಎಂದಿರುವ ಕಡೆ 'ಮಲ್ಲಿಗೆಯ ಕೂಗೊಂದನ್ನು ಬಿಟ್ಟು' ಎಂದು ಸೇರಿಸಬೇಕು."

ಎಲ್ಲರೂ ಕಿಟಕಿಯ ಕಡೆ ತಿರುಗಿದರು. ಆಗ ಅವರಿಗೆ ಹಸಿವಾಯಿತು. ಶಾಂತಮಲ್ಲಪ್ಪನವರಿಗೆ ಒಂದೇ ಏಟಿಗೆ ಲೆಕ್ಕ ಹೊಳೆದಿತ್ತು. ಒಂದು ಪದ ಸೇರಿದರೂ ಮಸೂದೆ ಕೆಳಗಿಳಿಯುತ್ತದೆ, ಇಳಿದರೆ ಬೀಳುತ್ತದೆ. ಅವರು ಎದ್ದು ಎರಡೂ ಕೈ ಬೀಸಿ ಬೇಡ ಬೇಡ ಎಂದರು. ಪೀಠದ ಹಿರಿಯರು ಅಷ್ಟರಲ್ಲಿ ಪದ್ಧತಿಯಂತೆ ಕಣ್ಣು ಮುಚ್ಚಿಯಾಗಿತ್ತು. ಹೌದು ಎನ್ನುವವರು ಎಂದು ಕೇಳಿದರು, ಗೋಡೆ ನಡುಗುವ ಹೌದು ಬಂತು. ಇಲ್ಲ ಎನ್ನುವವರು ಎಂದು ಕೇಳಿ ಕಾದರು. ಶಾಂತಮಲ್ಲಪ್ಪನವರ ಕೈ ಗಾಳಿಯಲ್ಲಿ ಆಡುತ್ತಲೇ ಇತ್ತು. "ಇಲ್ಲ ಎಂಬ ದನಿ ಕೇಳಿಬರಲಿಲ್ಲ," ಎಂದು ಹಿರಿಯರು ಸುತ್ತಿಗೆ ಬಡಿದು ಸಭೆ ಮುಗಿಸಿದರು. ಮುಗಿದ ಕ್ಷಣಕ್ಕೆ ನನ್ನ ದನಿ ಬಂತು. ಮೊದಲು ಬಂದದ್ದು ನಗು. ಕೆಳಗೆ ಗೇಟಿನ ಹತ್ತಿರ ಕಾದಿದ್ದ ನಂಜಾಜಿಗೆ ಅದು ಕೇಳಿಸಿರಬೇಕು, ಮಲ್ಲಿಗೇ ಎಂದು ಕೂಗಿದಳು. ಮೇಲ್ಮನೆಯೆಲ್ಲ ಒಟ್ಟಿಗೆ ಎದ್ದು ಚಪ್ಪಲಿ ಹುಡುಕಿತು.

ಮರುದಿನ ಬೆಳಿಗ್ಗೆ ಮಸೂದೆ ಕೆಳಗಿಳಿಯಿತು. ನಾನು ಒಳಗೆ ಹೋಗುವಾಗ ಮೆಟ್ಟಿಲಿನ ಬುಡದಲ್ಲಿ ಮೇಷ್ಟ್ರು ನಿಂತಿದ್ದರು. ಮೋಡದ ಚೂರೂ ಇರಲಿಲ್ಲ. ಆದರೂ ಕೈಯಲ್ಲಿ ಕೊಡೆ. ಮೊಳೆಗೆ ಬೆನ್ನು ಕೊಟ್ಟು ಅದನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದರು. ನಮ್ಮ ಗಂಟೆ ಹೊಡೆದು ಅವರ ದನಿ ಹೋದ ಮೇಲೂ ಅಲ್ಲಿಂದ ಕದಲಲಿಲ್ಲವಂತೆ. ಸದಸ್ಯರೊಬ್ಬರು ಒದ್ದೆ ಟವೆಲ್ ನೇತುಹಾಕಲು ಬಂದರೆ ಅದಕ್ಕೂ ಬಿಡದೆ ತಳ್ಳಿ ಕಳಿಸಿದರೆಂದು ಜವಾನ ಹೇಳಿದ.

ಒಳಗೆ ಸಭಾಧ್ಯಕ್ಷರು ಕಣ್ಣು ಮುಚ್ಚಿದರು. ಹೌದು ಎನ್ನುವವರು ಎಂದರು; ಮೊನ್ನೆಯ ಬಡಕಲು ಹೌದೇ ಬಂತು. ಇಲ್ಲ ಎನ್ನುವವರು ಎಂದರು. ನಾನು ಮೇಜಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡು, ನಮ್ಮವ್ವ ಕಲಿಸಿದ ಎಳೆತದಲ್ಲಿ ಇಲ್ಲಾ ಎಂದೆ. ಉಳಿದವರ ದನಿಯೂ ಕೂಡಿತು. ಸೂರಿನ ಪಾರಿವಾಳಗಳು ಎದ್ದು ಹಾರಿದವು. ಮಸೂದೆ ಅಲ್ಲಿಗೆ ಬಿತ್ತು. ಹೊರಗೆ ಬೀದಿಯಲ್ಲಿ ದಸ್ತಗೀರ್ ಎರಡು ದಿನದ ಕೂಗನ್ನು ಒಂದೇ ಸಲಕ್ಕೆ ಕೂಗುತ್ತಿದ್ದ.

ಊಟದ ಹೊತ್ತು ದಾಟಿ ಸಭೆ ಮುಗಿದ ಕೂಡಲೇ ಓಡಿ ಬಂದೆ. ಮೇಷ್ಟ್ರು ಅಲ್ಲೇ ಇದ್ದರು, ಹಣೆಯ ತುಂಬ ಬೆವರು. ಜವಾನ ಬಂದು ಸರಕಾರದ ಕೊಡೆಯನ್ನು ಮೊಳೆಗೆ ನೇತುಹಾಕಿ ಹೋದ. ಇವರಿಗೆ ನಾನು ಹೇಳಬೇಕಾದ ಒಂದು ಮಾತಿತ್ತು. ಬೈಗುಳವಾಗಿದ್ದರೆ ತಾನಾಗಿ ಬರುತ್ತಿತ್ತು, ಇದು ಹಾಗೆ ಬರುವ ಮಾತಲ್ಲ. ಸೆರಗು ಸರಿಮಾಡಿಕೊಂಡೆ, ಗಂಟಲು ಸರಿಮಾಡಿಕೊಂಡೆ, ಬಾಯಿ ತೆರೆದೆ. ಮಹಡಿಯ ಮೇಲೆ ಹೊಸ ಉಪಸಭಾಪತಿಗಳು ಗಂಟೆ ಬಾರಿಸಿದರು.

ಮೇಷ್ಟ್ರು ನನ್ನ ಬಾಯನ್ನೇ ನೋಡುತ್ತಿದ್ದರು. "ಏನೋ ಹೇಳೋಕೆ ಬಂದ ಹಾಗಿತ್ತು?" ಎಂದರು.

ನಾನು ಬಾಯಿ ಮುಚ್ಚಿಕೊಂಡೆ. ನನಗೆ ನಗು ಬಂತು, ಅದಕ್ಕೂ ಸದ್ದಿರಲಿಲ್ಲ. ಅವರು ಕೊಡೆಯನ್ನು ನನ್ನ ಕೈಗೆ ಕೊಟ್ಟು, "ಸಂಜೆ ಹೇಳುವಿಯಂತೆ. ಮಲ್ಲಿಗೆ ಕೂಗಲಿ," ಎಂದು ಮೆಟ್ಟಿಲು ಹತ್ತಿ ತಮ್ಮ ಬೆಂಚಿನ ಕಡೆ ಹೋದರು.